ಮಕ್ಕಳ ಕಿವಿಗೆ ನಳಿಕೆ: ಯಾವಾಗ ಬೇಕು, ಯಾವಾಗ ಬೇಡ?

ಮಳೆಗಾಲ ಮತ್ತು ಚಳಿಗಾಲಗಳಲ್ಲಿ ಪುಟ್ಟ ಮಕ್ಕಳಿಗೆ ನೆಗಡಿ ಬರುವುದು ಸಹಜ. ಆದರೆ ಕೆಲವು ಮಕ್ಕಳಲ್ಲಿ ಅದು ಮೂಗಿನಲ್ಲಿಯೇ ನಿಲ್ಲುವುದಿಲ್ಲ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ನಡುರಾತ್ರಿ ಕಿವಿ ಹಿಡಿದುಕೊಂಡು ಅಳು, ಜ್ವರ, ಊಟ ಬೇಡವೆಂಬ ಹಟ ಮೊದಲಾಗುತ್ತವೆ. ಔಷಧ ಕೊಟ್ಟರೆ ಗುಣವಾಗುತ್ತದೆ. ಮುಂದಿನ ನೆಗಡಿಗೆ ಪುನಃ ಅದೇ ಕಥೆ. ಇಂತಹ ಮಗುವನ್ನು ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಕರೆದೊಯ್ದಾಗ ಅವರು ಕೆಲವೊಮ್ಮೆ “ಕಿವಿಯ ತಮಟೆಯಲ್ಲಿ ಸಣ್ಣ ನಳಿಕೆ ಇಡೋಣ” ಎನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. “ನಿಮ್ಮಪ್ಪನಿಗೂ ಹೀಗೆಯೇ ಕಿವಿನೋವು ಬರುತ್ತಿತ್ತು, ದೊಡ್ಡವನಾದ ಮೇಲೆ ತಾನಾಗಿಯೇ ಹೋಯಿತು” ಎಂದು ಅಜ್ಜಿ ಹೇಳುತ್ತಾರೆ. “ಒಮ್ಮೆ ಆಪರೇಷನ್ ಮಾಡಿಸಿಬಿಟ್ಟರೆ ಈ ಕಾಟವೇ ತಪ್ಪುತ್ತದೆ” ಎಂದು ತಂದೆ ಹೇಳುತ್ತಾರೆ. ತಾಯಿ ಇಬ್ಬರ ನಡುವೆ ದಿಕ್ಕು ತೋಚದೆ ಕುಳಿತಿರುತ್ತಾಳೆ.

ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಮಗು ಎಷ್ಟು ಸಲ ಅತ್ತಿತು ಎಂಬುದೊಂದರಿಂದಲೇ ಈ ನಿರ್ಧಾರ ಆಗುವುದಿಲ್ಲ. ಜ್ವರ, ನೋವು ಇಳಿದ ಮೇಲೆಯೂ ತಮಟೆಯ ಹಿಂದೆ ದ್ರವ ಉಳಿದುಕೊಂಡಿದೆಯೇ? ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ನಿರ್ಧಾರ ಬಹುಮಟ್ಟಿಗೆ ತಾನೇ ಸ್ಪಷ್ಟವಾಗುತ್ತದೆ.

ಮಕ್ಕಳಿಗೇ ಏಕೆ ಹೆಚ್ಚು?

ನಮ್ಮ ಕಿವಿಯಲ್ಲಿ ಮೂರು ಭಾಗಗಳಿವೆ. ಹೊರಗಿವಿಯ ಕೊನೆಯಲ್ಲಿ ಕರ್ಣಪಟಲ, ಅಂದರೆ ತೆಳುವಾದ ತಮಟೆ ಇದೆ. ಅದರ ಹಿಂದೆ ಮಧ್ಯಕಿವಿ ಎಂಬ ಪುಟ್ಟ ಕೋಣೆ ಇದೆ. ಶಬ್ದವನ್ನು ಒಳಗಿವಿಗೆ ದಾಟಿಸುವ ಮೂರು ಸಣ್ಣ ಮೂಳೆಗಳು ಈ ಕೋಣೆಯಲ್ಲಿವೆ. ಮೂಳೆಗಳು ಸರಾಗವಾಗಿ ಅಲುಗಾಡಬೇಕಾದರೆ ಕೋಣೆಯಲ್ಲಿ ಗಾಳಿ ಇರಬೇಕು. ಆ ಗಾಳಿ ಮೂಗಿನ ಹಿಂಭಾಗದಿಂದ ಯೂಸ್ಟೇಷಿಯನ್ ನಾಳದ ಮೂಲಕ ಬರುತ್ತದೆ. ನಾವು ನುಂಗುವಾಗ, ಆಕಳಿಸುವಾಗ ಈ ನಾಳ ಕ್ಷಣಕಾಲ ತೆರೆದುಕೊಳ್ಳುತ್ತದೆ.

ದೊಡ್ಡವರಲ್ಲಿ ಈ ನಾಳ ಉದ್ದವಾಗಿ, ಇಳಿಜಾರಾಗಿ ಇರುತ್ತದೆ. ಎಳೆಯ ಮಕ್ಕಳಲ್ಲಿ ಗಿಡ್ಡವಾಗಿ, ಹೆಚ್ಚು ಕಡಿಮೆ ಅಡ್ಡಲಾಗಿ ಇರುತ್ತದೆ. ಆದುದರಿಂದ ಮೂಗಿನ ಸೋಂಕು ಸುಲಭವಾಗಿ ಮಧ್ಯಕಿವಿಗೆ ಹತ್ತುತ್ತದೆ. ನಾಳ ಊದಿಕೊಂಡು ಮುಚ್ಚಿದರೆ ಒಳಗಿನ ದ್ರವ ಕೆಳಗಿಳಿಯಲು ದಾರಿಯಿರುವುದಿಲ್ಲ. ಮಗು ಬೆಳೆದಂತೆ ನಾಳವೂ ಬೆಳೆಯುತ್ತದೆ. “ದೊಡ್ಡವನಾದ ಮೇಲೆ ಹೋಯಿತು” ಎಂಬ ಅಜ್ಜಿಯ ಮಾತಿಗೆ ಆಧಾರ ಇದೇ.

ಮೂರು ಬೇರೆ ಬೇರೆ ತೊಂದರೆಗಳು

‘ಕಿವಿ ತೊಂದರೆ’ ಎಂಬ ಒಂದೇ ಮಾತಿನಲ್ಲಿ ಪಾಲಕರು ಮೂರು ಬೇರೆ ಸ್ಥಿತಿಗಳನ್ನು ಸೇರಿಸಿ ಹೇಳುವುದುಂಟು. ಇವನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ತೀವ್ರ ಸೋಂಕು. ನೋವು, ಜ್ವರ, ಕೆಂಪಾಗಿ ಉಬ್ಬಿದ ತಮಟೆ ಇದರ ಲಕ್ಷಣ. ಕೆಲವು ಸಲ ತಮಟೆ ಒಡೆದು ಕೀವು ಹೊರಬಂದು ನೋವು ಶಮನವಾಗುತ್ತದೆ. ಅಂತಹ ರಂಧ್ರ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಆರು ತಿಂಗಳಲ್ಲಿ 3 ಅಥವಾ ಹೆಚ್ಚು ಬಾರಿ, ಇಲ್ಲವೆ ಒಂದು ವರ್ಷದಲ್ಲಿ 4 ಅಥವಾ ಹೆಚ್ಚು ಬಾರಿ ಇಂತಹ ಸೋಂಕು ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎನ್ನುತ್ತಾರೆ. ವರ್ಷದ ಲೆಕ್ಕದಲ್ಲಿ ಕನಿಷ್ಠ ಒಂದಾದರೂ ಕಳೆದ ಆರು ತಿಂಗಳಲ್ಲಿ ಆಗಿರಬೇಕು.

ಎರಡನೆಯದು ಸದ್ದಿಲ್ಲದ ತೊಂದರೆ. ಸೋಂಕು ಹೋದ ಮೇಲೂ ಮಧ್ಯಕಿವಿಯಲ್ಲಿ ದ್ರವ ಉಳಿಯುತ್ತದೆ. ಕೆಲವೊಮ್ಮೆ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ನೋವಿಲ್ಲ, ಜ್ವರವಿಲ್ಲ; ಆದರೆ ಕಿವಿ ಮಂದವಾಗುತ್ತದೆ. ತೀವ್ರ ಸೋಂಕಿನ ಒಂದು ತಿಂಗಳ ನಂತರ ನೂರರಲ್ಲಿ ಸುಮಾರು 40 ಮಕ್ಕಳಲ್ಲಿ ಈ ದ್ರವ ಇರುತ್ತದೆ; ಮೂರು ತಿಂಗಳ ನಂತರ ಸುಮಾರು 10 ಮಕ್ಕಳಲ್ಲಿ ಮಾತ್ರ ಉಳಿಯುತ್ತದೆ. ವೈದ್ಯರು “ಮೂರು ತಿಂಗಳು ಕಾಯೋಣ” ಎನ್ನುವುದು ಉದಾಸೀನದಿಂದಲ್ಲ, ಈ ಲೆಕ್ಕದಿಂದ.

ಮೂರನೆಯದು ತಿಂಗಳುಗಟ್ಟಲೆ ಸೋರುವ ಕಿವಿ. ಇಲ್ಲಿ ತಮಟೆಯಲ್ಲಿ ಮುಚ್ಚದ ರಂಧ್ರ ಉಳಿದುಬಿಟ್ಟಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವಲ್ಲ. ಇದಕ್ಕೆ ನಳಿಕೆ ಪರಿಹಾರವಲ್ಲ. ಕಿವಿಯನ್ನು ಒಣಗಿಸುವುದು, ತಕ್ಕ ಹನಿಗಳು, ಅಗತ್ಯವಿದ್ದರೆ ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದರ ಮಾರ್ಗ. ಸೋರುವ ಕೀವು ದುರ್ವಾಸನೆಯಿಂದ ಕೂಡಿದ್ದರೆ ಮೂಳೆಯನ್ನು ಸವೆಸುವ ರೋಗವೂ ಇರಬಹುದು. ಅದನ್ನು ಒಂದು ದಿನವೂ ಹಗುರವಾಗಿ ನೋಡಬಾರದು.

ನಳಿಕೆ ಎಂದರೇನು?

ಮಧ್ಯಕಿವಿಯ ದ್ರವವನ್ನು ಹೊರತೆಗೆಯಲು ತಮಟೆಗೆ ರಂಧ್ರ ಮಾಡುವ ವಿಚಾರ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1801ರಲ್ಲಿ ಕಿವುಡಿನ ಪರಿಹಾರಕ್ಕಾಗಿ ತಮಟೆಯನ್ನು ಚುಚ್ಚಿದ ಅನುಭವವನ್ನು ವರದಿ ಮಾಡಿದ. ಆದರೆ ಅಂತಹ ರಂಧ್ರ ಬಲುಬೇಗ ಮುಚ್ಚಿಕೊಳ್ಳುತ್ತಿತ್ತು. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯರು ರಂಧ್ರದಲ್ಲಿ ಪ್ಲಾಸ್ಟಿಕ್ ನಳಿಕೆ ಇಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಇಂದು ಬಳಕೆಯಲ್ಲಿರುವ ಗ್ರೋಮೆಟ್ ಒಂದೆರಡು ಮಿಲಿಮೀಟರಿನ, ಮಧ್ಯದಲ್ಲಿ ತೂತುಳ್ಳ ಪುಟ್ಟ ಬಿಲ್ಲೆಯಂತಿರುತ್ತದೆ. ಮಗುವಿಗೆ ಅರಿವಳಿಕೆ ಕೊಟ್ಟು, ಸೂಕ್ಷ್ಮದರ್ಶಕದ ನೆರವಿನಿಂದ ತಮಟೆಯಲ್ಲಿ ಸಣ್ಣ ಗೀರು ಹಾಕಿ, ದ್ರವವನ್ನು ಹೀರಿ ತೆಗೆದು, ಇದನ್ನು ಕೂರಿಸುತ್ತಾರೆ. ಕೆಲಸ ಹದಿನೈದು ಇಪ್ಪತ್ತು ನಿಮಿಷಗಳದ್ದು. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ. ಮಗು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳುತ್ತದೆ.

ನಳಿಕೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಮುಚ್ಚಿದ ನಾಳದ ಬದಲಿಗೆ ತಮಟೆಯ ಕಡೆಯಿಂದ ಗಾಳಿ ಒಳಹೋಗುವಂತೆ ಮಾಡಿ, ನಾಳ ಬಲಿಯುವವರೆಗೆ ಕಾಲಾವಕಾಶ ಒದಗಿಸುತ್ತದೆ. ಸಾಮಾನ್ಯ ಗ್ರೋಮೆಟ್ 6ರಿಂದ 18 ತಿಂಗಳೊಳಗೆ ತಾನಾಗಿಯೇ ಕಳಚಿ ಬೀಳುತ್ತದೆ.

ಯಾವಾಗ ಬೇಕು, ಯಾವಾಗ ಕಾಯಬಹುದು?

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2013ರಲ್ಲಿ ಈ ಕುರಿತು ಮಾರ್ಗಸೂಚಿ ಪ್ರಕಟಿಸಿ, 2022ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು.

ಎರಡೂ ಕಿವಿಗಳಲ್ಲಿ ಮೂರು ತಿಂಗಳು ಅಥವಾ ಹೆಚ್ಚು ಕಾಲ ದ್ರವವಿದ್ದು, ಶ್ರವಣ ಪರೀಕ್ಷೆಯಲ್ಲಿ ಕಿವಿ ಮಂದವಾಗಿರುವುದು ಕಂಡುಬಂದರೆ ನಳಿಕೆಯ ಸಲಹೆ ಯುಕ್ತ. ಸೋಂಕು ಮರುಕಳಿಸುತ್ತಿದ್ದು, ಪರೀಕ್ಷೆಯ ದಿನ ಒಂದು ಕಿವಿಯಲ್ಲಾದರೂ ದ್ರವ ಕಂಡರೆ ಆಗಲೂ ಯುಕ್ತ. ದ್ರವ ತುಂಬಿ ಮೂರು ತಿಂಗಳು ಕಳೆದಿಲ್ಲದಿದ್ದರೆ ಕಾಯಬೇಕು. ಸೋಂಕು ಎಷ್ಟೇ ಸಲ ಬಂದಿರಲಿ, ಪರೀಕ್ಷೆಯ ದಿನ ಎರಡೂ ಕಿವಿಗಳು ಸ್ವಚ್ಛವಾಗಿದ್ದರೆ ನಳಿಕೆ ಬೇಡ. ಆ ಮಗುವಿನ ನಾಳ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿದೆ ಎಂದರ್ಥ.

ಕಾಯುವುದರಿಂದ ಮಗುವಿಗೆ ಅನ್ಯಾಯವಾದೀತೇ ಎಂಬ ಆತಂಕ ಸಹಜ. 2021ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೋಂಕು ಮರುಕಳಿಸುತ್ತಿದ್ದ, 6ರಿಂದ 35 ತಿಂಗಳ ವಯಸ್ಸಿನ 250 ಮಕ್ಕಳಲ್ಲಿ ಒಂದು ಗುಂಪಿಗೆ ನಳಿಕೆ ಇಟ್ಟು, ಇನ್ನೊಂದಕ್ಕೆ ಸೋಂಕು ಬಂದಾಗ ಮಾತ್ರ ಔಷಧ ಕೊಟ್ಟರು. ಎರಡು ವರ್ಷಗಳ ನಂತರ ಲೆಕ್ಕ ಹಾಕಿದಾಗ ಎರಡೂ ಗುಂಪುಗಳಲ್ಲಿ ಮಗುವೊಂದಕ್ಕೆ ವರ್ಷಕ್ಕೆ ಸರಾಸರಿ ಒಂದೂವರೆ ಸೋಂಕು, ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ನಳಿಕೆಯ ಗುಂಪಿನಲ್ಲಿ ಮೊದಲ ಸೋಂಕು ತಡವಾಗಿ ಬಂದಿತು. ಆದರೆ ಕಿವಿ ಸೋರಿದ ದಿನಗಳು ಅವರಲ್ಲಿಯೇ ಹೆಚ್ಚು. ಇದಕ್ಕೂ ಮೊದಲು, 2001ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನದಲ್ಲಿ, ಕಿವಿಯಲ್ಲಿ ದ್ರವ ಉಳಿದಿದ್ದರೂ ಉಳಿದಂತೆ ಆರೋಗ್ಯವಾಗಿದ್ದ ಎಳೆಯ ಮಕ್ಕಳಿಗೆ ಕೂಡಲೇ ನಳಿಕೆ ಇಟ್ಟರೂ, ಇನ್ನೂ ಕೆಲವು ತಿಂಗಳು ಕಾದು ನೋಡಿದರೂ, ಮೂರನೆಯ ವರ್ಷದಲ್ಲಿ ಮಾತು ಮತ್ತು ಬುದ್ಧಿಯ ಬೆಳವಣಿಗೆಯಲ್ಲಿ ಭೇದ ಕಾಣಲಿಲ್ಲ.

ಆದರೆ ಕೆಲವು ಮಕ್ಕಳ ವಿಷಯದಲ್ಲಿ ಹೀಗೆ ಕಾಯುವಂತಿಲ್ಲ. ಸೀಳಂಗುಳ ಇರುವ ಮಕ್ಕಳು, ಡೌನ್ ಸಿಂಡ್ರೋಮ್ ಅಥವಾ ಆಟಿಸಂ ಇರುವವರು, ಮಾತು ತಡವಾದವರು, ಮೊದಲೇ ಶ್ರವಣದೋಷ ಅಥವಾ ದೃಷ್ಟಿದೋಷ ಉಳ್ಳವರು – ಇವರಿಗೆ ಸ್ವಲ್ಪ ಕಿವಿ ಮಂದವಾದರೂ ನಷ್ಟ ಬಹಳ. ಇವರನ್ನು ತಜ್ಞರು ಬೇಗನೆ ನೋಡಬೇಕು, ನಿರ್ಧಾರವೂ ಬೇಗ ಆಗಬೇಕು.

ಮಗುವಿಗೆ ಕೇಳಿಸುತ್ತಿದೆಯೇ?

ಮಧ್ಯಕಿವಿಯಲ್ಲಿ ದ್ರವವಿರುವ ಮಗು ಪೂರ್ಣ ಕಿವುಡಲ್ಲ. ಸರಾಸರಿ 25 ಡೆಸಿಬಲ್‌ನಷ್ಟು ಶ್ರವಣ ತಗ್ಗಿರುತ್ತದೆ. ಅಂದರೆ ನಾವು ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಮಾತು ಕೇಳಿದಂತೆ. ಎದುರಿಗೆ ಕುಳಿತು ಮಾತನಾಡಿದರೆ ತಿಳಿಯುತ್ತದೆ, ಹಿಂದಿನಿಂದ ಕರೆದರೆ ತಿಳಿಯುವುದಿಲ್ಲ. ಹೀಗಾಗಿ ಮನೆಯವರು “ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ” ಎನ್ನುತ್ತಾರೆ, ಶಾಲೆಯಲ್ಲಿ “ಗಮನವಿಲ್ಲ” ಎನ್ನುತ್ತಾರೆ.

ಎರಡನೆಯ ತರಗತಿಯ ಬಾಲಕನೊಬ್ಬನನ್ನು ಅವನ ತಾಯಿ ನನ್ನಲ್ಲಿಗೆ ಕರೆತಂದದ್ದು ಕಿವಿಗಾಗಿ ಅಲ್ಲ. ನೆನಪಿನ ಶಕ್ತಿಗೆ ಸಾರಸ್ವತಾರಿಷ್ಟ ಬೇಕೆಂದು. ಹುಡುಗ ಕಿಟಕಿಯತ್ತ ನೋಡುತ್ತಿದ್ದಾಗ ಬೆನ್ನ ಹಿಂದೆ ನಿಂತು ಮೆಲ್ಲನೆ ಅವನ ಹೆಸರು ಕರೆದೆ. ತಿರುಗಲಿಲ್ಲ. ಪರೀಕ್ಷೆಗೆ ಕಳುಹಿಸಿದಾಗ ಎರಡೂ ಕಿವಿಗಳಲ್ಲಿ ದ್ರವವಿರುವುದು ತಿಳಿಯಿತು. ತಜ್ಞರು ಮೂರು ತಿಂಗಳು ಕಾದರು, ದ್ರವ ಇಳಿಯಲಿಲ್ಲ, ನಳಿಕೆ ಇಟ್ಟರು. ಮುಂದಿನ ಸಲ ಬಂದಾಗ ತಾಯಿ ನಗುತ್ತ ಹೇಳಿದರು: “ಈಗ ಮನೆಯಲ್ಲಿ ಯಾಕೆ ಎಲ್ಲರೂ ಇಷ್ಟು ಗಟ್ಟಿಯಾಗಿ ಮಾತಾಡುತ್ತೀರಿ ಎಂದು ನಮಗೇ ಕೇಳುತ್ತಾನೆ, ಡಾಕ್ಟರೇ.” ಆ ಬಾಲಕನ ನೆನಪಿನಲ್ಲಿ ದೋಷವಿರಲಿಲ್ಲ. ಕಿವಿಗೆ ಬೀಳದ ಪಾಠ ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಮನೆಯಲ್ಲಿ ಗಮನಿಸಬೇಕಾದ ಸಂಗತಿಗಳು ಇವು: ಮಗು ಪದೇ ಪದೇ “ಹಾಂ?” ಎನ್ನುವುದು, ಟಿ.ವಿ.ಯ ಧ್ವನಿ ಹೆಚ್ಚಿಸುವುದು, ಮಾತನಾಡುವವರ ಮುಖವನ್ನೇ ನೋಡುವುದು, ಮಾತು ಅಸ್ಪಷ್ಟವಾಗುವುದು, ಕರೆದ ದಿಕ್ಕು ತಿಳಿಯದಿರುವುದು. ಶಾಲೆಯ ಗುರುಗಳೂ ಪ್ರಸಾದ ನಿಲಯಗಳ ಮೇಲ್ವಿಚಾರಕರೂ ಇದನ್ನು ಗಮನಿಸಿದರೆ ಬಹಳ ಉಪಕಾರವಾಗುತ್ತದೆ. ಮನೆಯಿಂದ ದೂರವಿರುವ ಮಗುವಿಗೆ ಅವರೇ ತಂದೆ ತಾಯಿ.

ಸಂಶಯ ಬಂದರೆ ಪರೀಕ್ಷೆ ಮಾಡಿಸಬೇಕು. ತಜ್ಞರು ಉಪಕರಣದಿಂದ ತಮಟೆಯನ್ನು ನೋಡುತ್ತಾರೆ. ಟಿಂಪನೋಮೆಟ್ರಿ ಎಂಬ ನೋವಿಲ್ಲದ ಪರೀಕ್ಷೆ ತಮಟೆ ಎಷ್ಟು ಅಲುಗಾಡುತ್ತದೆ ಎಂಬುದನ್ನು ಗೆರೆಯಾಗಿ ತೋರಿಸುತ್ತದೆ. ದ್ರವವಿದ್ದರೆ ಗೆರೆ ಚಪ್ಪಟೆಯಾಗಿರುತ್ತದೆ. ಶ್ರವಣ ಪರೀಕ್ಷೆಯನ್ನು ಮಗುವಿನ ವಯಸ್ಸಿಗೆ ತಕ್ಕ ವಿಧಾನದಲ್ಲಿ ಮಾಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಎಲ್ಲ ಪರೀಕ್ಷೆಗಳೂ ಇವೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೂ ಪಾಲಕರು ತಮ್ಮ ಸಂಶಯ ತಿಳಿಸಬಹುದು.

ಆಯುರ್ವೇದದ ಪಾತ್ರ

“ನೀವು ಆಯುರ್ವೇದದವರು, ಆಪರೇಷನ್ ತಪ್ಪಿಸಿ” ಎಂದು ಅನೇಕರು ಕೇಳುತ್ತಾರೆ. ಶಸ್ತ್ರಚಿಕಿತ್ಸೆ ಆಯುರ್ವೇದಕ್ಕೆ ಹೊರಗಿನದಲ್ಲ. ಸುಶ್ರುತರು ಸೂತ್ರಸ್ಥಾನದಲ್ಲಿ ಹರಿದ ಕಿವಿಯನ್ನು ಕೂಡಿಸುವ ಕರ್ಣಸಂಧಾನವನ್ನು ವಿವರಿಸಿದ್ದಾರೆ; ಉತ್ತರತಂತ್ರದಲ್ಲಿ 28 ಕರ್ಣರೋಗಗಳನ್ನು ಎಣಿಸಿದ್ದಾರೆ. ಅಲಕ್ಷಿಸಿದ ಪ್ರತಿಶ್ಯಾಯ, ಅಂದರೆ ನೆಗಡಿ, ಮುಂದೆ ಬಾಧಿರ್ಯಕ್ಕೆ ಎಡೆಮಾಡಬಲ್ಲದೆಂದೂ ಅವರೇ ಹೇಳಿದ್ದಾರೆ. ನೆಗಡಿಗೂ ಕಿವುಡಿಗೂ ಇರುವ ನಂಟನ್ನು ಅಷ್ಟು ಹಿಂದೆಯೇ ಗುರುತಿಸಿದ ಶಾಸ್ತ್ರ ನಮ್ಮದು.

ಆದುದರಿಂದ ಆಯುರ್ವೇದದ ಕೆಲಸ ಮುಖ್ಯವಾಗಿ ನೆಗಡಿಯ ಹಂತದಲ್ಲಿದೆ: ಹಿತವಾದ ಬಿಸಿ ಆಹಾರ, ಜೀರ್ಣಶಕ್ತಿಯ ರಕ್ಷಣೆ, ವಯಸ್ಸಿಗೆ ತಕ್ಕ ಔಷಧ. ಇದನ್ನೂ ವೈದ್ಯರ ಸಲಹೆಯಿಂದಲೇ ಮಾಡಬೇಕು. ಪ್ರತಿಮರ್ಶವೆಂಬ ಅತ್ಯಲ್ಪ ಪ್ರಮಾಣದ ನಸ್ಯವನ್ನು ಬಿಟ್ಟರೆ, ಏಳು ವರ್ಷದೊಳಗಿನ ಮಕ್ಕಳಿಗೆ ನಸ್ಯ ಬೇಡವೆಂದು ವಾಗ್ಭಟರು ಸ್ಪಷ್ಟವಾಗಿ ಹೇಳಿದ್ದಾರೆ. ಮೂರು ತಿಂಗಳು ಉಳಿದ ದ್ರವವನ್ನು ಖಂಡಿತವಾಗಿ ಕರಗಿಸುವ ಕಷಾಯವನ್ನಾಗಲಿ ಮಾತ್ರೆಯನ್ನಾಗಲಿ ನಾನು ಕಂಡಿಲ್ಲ. ಆಧುನಿಕ ಔಷಧಗಳ ಸ್ಥಿತಿಯೂ ಇದೇ: ಈ ದ್ರವಕ್ಕೆ ಆಂಟಿಬಯೋಟಿಕ್, ಅಲರ್ಜಿ ಮಾತ್ರೆ, ಸ್ಟಿರಾಯ್ಡ್‌ಗಳನ್ನು ಕೊಡುವುದರಿಂದ ಶಾಶ್ವತ ಪ್ರಯೋಜನವಿಲ್ಲವೆಂದು ಮಾರ್ಗಸೂಚಿಗಳೇ ಹೇಳುತ್ತವೆ.

ಇನ್ನು ಕಿವಿಗೆ ಎಣ್ಣೆ ಬಿಡುವ ವಿಷಯ. ನೋಯುವ, ಸೋರುವ ಅಥವಾ ನಳಿಕೆ ಇಟ್ಟ ಕಿವಿಗೆ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ತಮಟೆ ಪೂರ್ಣವಾಗಿದ್ದರೆ ಎಣ್ಣೆ ದ್ರವವಿರುವ ಕೋಣೆಯನ್ನು ತಲುಪುವುದೇ ಇಲ್ಲ. ರಂಧ್ರವಿದ್ದರೆ ತಲುಪಿ ಸೋಂಕನ್ನು ಹೆಚ್ಚಿಸುತ್ತದೆ. ಕರ್ಣಪೂರಣ ಚಿಕಿತ್ಸೆಯನ್ನು ವೈದ್ಯರು ತಮಟೆಯನ್ನು ಪರೀಕ್ಷಿಸಿದ ಮೇಲೆಯೇ ಮಾಡುತ್ತಾರೆ.

ನಳಿಕೆಯ ಅಪಾಯಗಳು ಮತ್ತು ಆರೈಕೆ

ಅರಿವಳಿಕೆಯ ಅಪಾಯ ಆರೋಗ್ಯವಂತ ಮಗುವಿನಲ್ಲಿ ಅತ್ಯಲ್ಪ; ಆದರೆ ಉಪವಾಸದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು. “ಪಾಪ, ಹಸಿದಿದೆ” ಎಂದು ಗುಟ್ಟಾಗಿ ಹಾಲು ಕುಡಿಸಿದರೆ ಅದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ನಳಿಕೆ ಬಿದ್ದ ಮೇಲೆ ನೂರರಲ್ಲಿ ಎರಡು ಮೂರು ಮಕ್ಕಳಲ್ಲಿ ರಂಧ್ರ ಮುಚ್ಚದೆ ಉಳಿಯಬಹುದು. ನಳಿಕೆ ಬೇಗ ಬಿದ್ದು ದ್ರವ ಪುನಃ ತುಂಬಿದರೆ ಇನ್ನೊಮ್ಮೆ ಇಡಬೇಕಾಗಬಹುದು. ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯನ್ನೂ ತೆಗೆಯುವುದರಿಂದ ಈ ಸಾಧ್ಯತೆ ಕಡಿಮೆಯಾಗಬಹುದು. ಅದನ್ನು ತಜ್ಞರೊಡನೆ ಚರ್ಚಿಸಿ.

ನಳಿಕೆ ಇರುವಾಗ ನಿತ್ಯದ ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ಕೆರೆ, ಬಾವಿ, ಹೊಳೆಗಳಲ್ಲಿ ಮುಳುಗುವುದು ಬೇಡ. ಎಣ್ಣೆಸ್ನಾನದ ದಿನ ಕಿವಿಯೊಳಗೆ ಎಣ್ಣೆ ಹೋಗದಂತೆ ನೋಡಿಕೊಳ್ಳಿ. ಕಿವಿ ಸೋರಿದರೆ ತಜ್ಞರು ಬರೆದುಕೊಡುವ ಹನಿಗಳೇ ಸಾಮಾನ್ಯವಾಗಿ ಸಾಕು. ಮನೆಯಲ್ಲಿರುವ ಹಳೆಯ ಬಾಟಲಿಯ ಹನಿ ಹಾಕಬೇಡಿ, ಕೆಲವು ಹನಿಗಳು ನಳಿಕೆಯ ಮೂಲಕ ಇಳಿದು ಒಳಗಿವಿಗೆ ಹಾನಿ ಮಾಡಬಲ್ಲವು. ನಳಿಕೆ ಬೀಳುವವರೆಗೂ ಕಾಲಕಾಲಕ್ಕೆ ತೋರಿಸುತ್ತಿರಿ.

ತಡೆಯಲು ನಮ್ಮ ಕೈಯಲ್ಲಿರುವುದು

ಕನಿಷ್ಠ ಆರು ತಿಂಗಳು ತಾಯಿಯ ಹಾಲನ್ನೇ ಕೊಡಬೇಕು. ಮಗುವನ್ನು ಅಂಗಾತ ಮಲಗಿಸಿ ಬಾಟಲಿಯಿಂದ ಹಾಲು ಕುಡಿಸಬಾರದು. ಬೀಡಿ, ಸಿಗರೇಟು, ಸೌದೆ ಒಲೆಗಳ ಹೊಗೆಯಿಂದ ಮಗುವನ್ನು ದೂರವಿಡಬೇಕು. ನ್ಯುಮೊಕಾಕಲ್ ಲಸಿಕೆಯನ್ನು 2017ರಿಂದ ಹಂತಹಂತವಾಗಿ ಸರ್ಕಾರದ ಉಚಿತ ಲಸಿಕೆಗಳಲ್ಲಿ ಸೇರಿಸಲಾಗಿದೆ, ಅದನ್ನು ತಪ್ಪಿಸಬಾರದು. ಕಡ್ಡಿ, ಪಿನ್ನು, ಬಡ್ಸ್ ಯಾವುದನ್ನೂ ಕಿವಿಗೆ ಹಾಕಬಾರದು.

ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ಚಾಚಿದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಜ್ವರದೊಡನೆ ವಾಂತಿ, ಕತ್ತು ಬಿಗಿತ, ತಲೆಸುತ್ತು, ಮಂಪರು ಕಂಡರೆ ಯಾರ ಮದ್ದಿಗೂ ಕಾಯದೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ತಜ್ಞರಲ್ಲಿ ಕೇಳಬೇಕಾದ ಪ್ರಶ್ನೆಗಳು

ನಳಿಕೆಯ ಸಲಹೆ ಬಂದಾಗ ಪಾಲಕರು ಸಂಕೋಚವಿಲ್ಲದೆ ಈ ಐದು ಪ್ರಶ್ನೆಗಳನ್ನು ಕೇಳಲಿ. ಇಂದು ಮಗುವಿನ ತಮಟೆಯ ಹಿಂದೆ ದ್ರವವಿದೆಯೇ? ಒಂದೇ ಕಿವಿಯಲ್ಲೋ, ಎರಡರಲ್ಲೋ? ಅದು ಎಷ್ಟು ಕಾಲದಿಂದ ಇದೆ? ಶ್ರವಣ ಪರೀಕ್ಷೆಯ ಫಲಿತಾಂಶವೇನು? ಇನ್ನು ಮೂರು ತಿಂಗಳು ಕಾದರೆ ನಮ್ಮ ಮಗುವಿಗೆ ಆಗುವ ನಷ್ಟವೇನು? ಒಳ್ಳೆಯ ತಜ್ಞರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಮಗುವಿಗೆ ಯಾವ ಯಾವ ದಿನ ಕಿವಿನೋವು ಬಂದಿತು, ಯಾವ ಔಷಧ ಕೊಟ್ಟಿರಿ ಎಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಅವರ ಕೆಲಸವೂ ಸುಲಭವಾಗುತ್ತದೆ.

ಕಾಯೋಣವೆಂದು ನಿರ್ಧರಿಸಿದ ಪಾಲಕರಿಗೆ ಒಂದು ಮಾತು. ಸುಮ್ಮನೆ ಮರೆತು ಕೂರುವುದು ಕಾಯುವುದಲ್ಲ. ಮೂರು ತಿಂಗಳ ಮುಂದಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ನೋವಿಲ್ಲದಿದ್ದರೂ ಮಗುವನ್ನು ಕರೆದೊಯ್ದು ತೋರಿಸಬೇಕು. ಅಲ್ಲಿಯವರೆಗೆ ಮಗುವಿನ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಿ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವಂತೆ ಗುರುಗಳಿಗೆ ತಿಳಿಸಿ. ಕರೆದಾಗ ತಿರುಗದ ಮಗುವನ್ನು ಗದರುವ ಮೊದಲು ಅದಕ್ಕೆ ಕೇಳಿಸಿತೇ ಎಂಬುದನ್ನು ನೋಡಿ.